ನಿಂಗಣ್ಣನ ಎಂಟು ಲಕ್ಷ

ಬದ್ಲಾಪುರದ ನೀರಿಗೆ ಜೋಳದ ಹಿಟ್ಟು ಹದಕ್ಕೆ ಬರುವುದಿಲ್ಲ ಎಂದು ಮಲ್ಲವ್ವ ಹತ್ತು ತಿಂಗಳಿಂದ ಹೇಳುತ್ತಲೇ ಇದ್ದಳು. ನೀರಿನ ದೋಷವಲ್ಲ, ಅವ್ವನ ಮನಸ್ಸಿನ ದೋಷ ಎಂದು ಮಗ ಅನಿಕೇತ್ ನಗುತ್ತಿದ್ದ. ಮನಸ್ಸಿನದೇ ಇರಲಿ. ಮೂವತ್ತೆರಡು ವರ್ಷ ಶಹರದ ನಡುವೆ ಆಂಟಾಪ್ ಹಿಲ್‌ನಲ್ಲಿ ರೊಟ್ಟಿ ಬಡಿದು ಮಾರಿದ ಹೆಂಗಸನ್ನು ಎತ್ತಿ ತಂದು, ಮನೆಮನೆಯಲ್ಲೂ ತಮ್ಮ ಭಾಕರಿ ತಾವೇ ತಟ್ಟಿಕೊಳ್ಳುವ ಊರಿನ ಏಳನೆಯ ಮಾಳಿಗೆಯಲ್ಲಿ ಕೂರಿಸಿದರೆ ಯಾರ ಮನಸ್ಸು ನೆಟ್ಟಗಿರುತ್ತದೆ? ಒಂದು ರೊಟ್ಟಿಗೂ ಗಿರಾಕಿಯಿಲ್ಲ. ಬೆಳಗಿನಿಂದ ಸಂಜೆಯವರೆಗೆ ಗಂಡ ಶೆಟ್ಟೆಪ್ಪನ ಕೆಮ್ಮು ಕೇಳುತ್ತ ಕೂರಬೇಕು.

ಆಂಟಾಪ್ ಹಿಲ್‌ನ ಮನೆ ಅವಳದೇ. ಬಾಯಿಮಾತಿಗಲ್ಲ, ಕಾಗದದ ಮೇಲೂ ಅವಳದೇ. ಗುಡಿಸಲು ಕೆಡವಿ ಬಿಲ್ಡಿಂಗ್ ಕಟ್ಟಿದಾಗ, ಕರೆಂಟಿನ ಬಿಲ್ಲು ಯಾರ ಹೆಸರಿಗಿತ್ತೋ ಅವರಿಗೆ ಮನೆ ಕೊಟ್ಟರು. ಬಿಲ್ಲು ಮಲ್ಲವ್ವನ ಹೆಸರಿಗಿತ್ತು. ಆರು ವರ್ಷ ತಗಡಿನ ಶೆಡ್ಡಿನಲ್ಲಿ ಬೆಂದ ಮೇಲೆ ಮೂರನೆಯ ಮಾಳಿಗೆಯಲ್ಲಿ ಒಂದು ಖೋಲಿ, ಒಂದು ಅಡುಗೆಕಟ್ಟೆ, ಒಳಗೇ ಸಂಡಾಸು ಸಿಕ್ಕಿತು. ಒಂದೇ ಷರತ್ತು: ಇಂತಿಷ್ಟು ವರ್ಷ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಸಿಕ್ಕಿಬಿದ್ದರೆ ಮನೆಯೇ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು, ಬಿಲ್ಡಿಂಗಿನ ಅರ್ಧ ಮನೆಗಳಲ್ಲಿ ಬಾಡಿಗೆಯವರೇ ಇದ್ದರು.

ಅನಿಕೇತ್ ಫೋರ್ಟಿನ ಒಂದು ಆಫೀಸಿನಲ್ಲಿ ಕ್ಲಾರ್ಕು. ಬುದ್ಧಿವಂತ. ಬುದ್ಧಿ ಸಾಲದೆಂದು ಒಂಬತ್ತು ಸಾವಿರ ಕೊಟ್ಟು ಎರಡು ಭಾನುವಾರದ ಕ್ಲಾಸಿಗೂ ಹೋಗಿ ಬಂದಿದ್ದ. ಮನೆ ಬಾಡಿಗೆಗೆ ಕೊಟ್ಟು ಶ್ರೀಮಂತರಾಗುವುದು ಹೇಗೆಂದು ಅಲ್ಲಿ ಟೈ ಕಟ್ಟಿದವನೊಬ್ಬ ಹೇಳಿಕೊಟ್ಟನಂತೆ: ಜಾಣನಾದವನು ತುಟ್ಟಿ ಮನೆಯಲ್ಲಿ ತಾನಿರುವುದಿಲ್ಲ, ಅದನ್ನು ಬಾಡಿಗೆಗೆ ಕೊಟ್ಟು ಅಗ್ಗದ ಮನೆಯಲ್ಲಿರುತ್ತಾನೆ, ತನ್ನ ದುಡ್ಡು ಹಾಕುವುದಿಲ್ಲ, ಇನ್ನೊಬ್ಬರ ದುಡ್ಡಿನಲ್ಲಿ ಆಸ್ತಿ ಮಾಡುತ್ತಾನೆ. ಈ ವಿದ್ಯೆಗೆ ನಮ್ಮಲ್ಲಿ ಮೊದಲಿಂದಲೂ ಒಂದು ಹೆಸರಿದೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಅದನ್ನು ಕಲಿಯಲು ಒಂಬತ್ತು ಸಾವಿರ ಬೇಕಿರಲಿಲ್ಲ.

ಹಾಗೆ ಸಿಕ್ಕವನು ನಿಂಗಣ್ಣ. ಧಾರಾವಿಯಲ್ಲಿ ಚರ್ಮದ ಬೆಲ್ಟು, ಪರ್ಸು ಹೊಲಿಸುವವನು. ಮಲ್ಲವ್ವನ ತವರಿನ ಪಕ್ಕದ ಊರು, ವಿಜಯಪುರದ ಕಡೆ, ಅವನ ಅವ್ವ ಮಲ್ಲವ್ವನಿಗೆ ಹಳೆಯ ಪರಿಚಯ. ಹೆವಿ ಡಿಪಾಸಿಟ್ ಮೇಲೆ ಮಾತಾಯಿತು. ಅಂದರೆ ತಿಂಗಳ ಬಾಡಿಗೆ ಇಲ್ಲ. ಒಮ್ಮೆಗೇ ಎಂಟು ಲಕ್ಷ ಕೊಟ್ಟು ಹನ್ನೊಂದು ತಿಂಗಳು ಇರುವುದು, ಬಿಡುವ ದಿನ ಎಂಟೂ ಲಕ್ಷ ವಾಪಸು ಪಡೆಯುವುದು. ನಿಂಗಣ್ಣ ಹೆಂಡತಿ ರುಕ್ಮಿಣಿಬಾಯಿಯ ಬಂಗಾರ ಮಾರಿ, ಹನ್ನೆರಡು ವರ್ಷದ ಉಳಿತಾಯ ಬಳಿದು ತಂದ. ಕಾಗದ ಮಾಡೋಣ ಎಂದ.

"ಕಾಗದ ಮಾಡಾಕ ಬರೂದಿಲ್ಲ ಅಣ್ಣಾ," ಎಂದ ಅನಿಕೇತ್. "ಈ ಬಿಲ್ಡಿಂಗ್‌ದಾಗ ಬಾಡಿಗಿ ಕೊಡೂದ ಅಲೋವ್ ಇಲ್ಲ. ರಜಿಸ್ಟರ್ ಮಾಡಿದ್ರ ಇಬ್ಬರೂ ಸಿಗತೀವಿ."

ನಿಂಗಣ್ಣ ದುಡ್ಡಿನ ಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡ. ಅವನ ಮುಖ ನೋಡಲಾರದೆ ಮಲ್ಲವ್ವ ದೇವರ ಮುಂದಿನ ಬಟ್ಟೆಚೀಲ ಇಳಿಸಿದಳು. ಅದರಲ್ಲಿ ಸವದತ್ತಿಯಿಂದ ತಂದ ಯಲ್ಲಮ್ಮನ ಭಂಡಾರ, ಹಳದಿ ಪುಡಿ. ಅವಳು ಅದನ್ನು ಮುಟ್ಟಿ, "ಹನ್ನೊಂದು ತಿಂಗಳಿಗೆ ನಿನ್ನ ಎಂಟು ಲಕ್ಷ ನಿನ್ನ ಕೈಯಾಗ ಇಡತೀನಿ ತಮ್ಮಾ. ನಾ ಇಡತೀನಿ," ಎಂದಳು. ನಿಂಗಣ್ಣ ಹಣೆಗೆ ಭಂಡಾರ ಹಚ್ಚಿಕೊಂಡು ಚೀಲ ಮುಂದಿಟ್ಟ. ಅನಿಕೇತನಿಗೆ ಬಹಳ ಖುಷಿಯಾಯಿತು. ಸ್ಟಾಂಪ್ ಖರ್ಚೂ ಉಳಿದಿತ್ತು.

ಆ ಎಂಟು ಲಕ್ಷ ಬದ್ಲಾಪುರದ ಫ್ಲ್ಯಾಟಿನ ಮುಂಗಡಕ್ಕೆ ಹೋಯಿತು. ಉಳಿದದ್ದು ಬ್ಯಾಂಕಿನ ಸಾಲ, ತಿಂಗಳಿಗೆ ಹದಿನೇಳು ಸಾವಿರದ ಕಂತು. ಅನಿಕೇತನ ಪಗಾರ ಮೂವತ್ನಾಲ್ಕು. ಬಾಡಿಗೆ ಬರುವ ಮನೆ ಇದೆ ಎಂದು ಅವನು ಆಫೀಸಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಆದರೆ ಆ ಮನೆಯಿಂದ ತಿಂಗಳಿಗೆ ಒಂದು ರೂಪಾಯಿಯೂ ಬರುತ್ತಿರಲಿಲ್ಲ.

ಹತ್ತನೆಯ ತಿಂಗಳು ಮುಗಿಯುತ್ತಿದ್ದಂತೆ ನಿಂಗಣ್ಣನ ಫೋನು ಬಂತು. ಅವತ್ತು ರಾತ್ರಿಯ ಊಟಕ್ಕೆ ಅನ್ನ, ಹೆಸರುಕಾಳಿನ ಪಲ್ಯ. ಮಲ್ಲವ್ವ ಬಡಿಸುತ್ತಲೇ ಮಾತು ತೆಗೆದಳು.

"ನಿಂಗಣ್ಣ ಫೋನ್ ಹಚ್ಚಿದ್ದ. ಧಾರಾವಿ ಹಂತೇಕ ಅವಗ ಸ್ವಂತ ಖೋಲಿ ಸಿಕ್ಕೈತಂತ. ಮುಂದಿನ ತಿಂಗಳ ಬಿಡತಾನಂತ. ರೊಕ್ಕ ತಯಾರ ಮಾಡು."

"ಮಾಡೂಣ ಬಿಡವ್ವ," ಎಂದ ಅನಿಕೇತ್, ಫೋನಿನಿಂದ ತಲೆ ಎತ್ತದೆ.

"ಮಾಡೂಣ ಅಂದ್ರ? ಎಲ್ಲಿಂದ?"

"ಹೊಸಾ ಪಾರ್ಟಿ ಬರತಾನ. ಅಂವಾ ಡಿಪಾಸಿಟ್ ಕೊಡತಾನ. ಅದರಾಗ ಇವಂದ ತೀರಸೂದು. ಸಿಸ್ಟಮ್ಮ ಹಂಗ ಐತಿ."

"ಹೊಸಬ ಸಿಗಲಿಲ್ಲಂದ್ರ?"

"ನೆಗೆಟಿವ್ ವಿಚಾರ ಮಾಡಬ್ಯಾಡ."

ಸೊಸೆ ವೈಶಾಲಿ ತಾಟಿನಿಂದ ತಲೆ ಎತ್ತಿದಳು. ಸೊಲ್ಲಾಪುರದವಳು, ದಾದರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಹೋಗಿ ಬರುವುದಕ್ಕೇ ದಿನಕ್ಕೆ ನಾಲ್ಕು ತಾಸು, ಅದೂ ನಿಂತುಕೊಂಡು. "ನಾನು ಮೊದಲೇ ಬೋಲಿದ್ದೆ. ಆರು ಮಹಿನೆ ಕಂತು ಬಾಜೂಗೆ ಇಡು, ಆಮೇಲೆ ಮನಿ ತಗೋ. ಡಿಪಾಸಿಟ್ ಕಮಾಯಿ ಅಲ್ಲ, ಉಧಾರ್ ಅದ."

"ನೀ ಕ್ಲಾಸಿಗೆ ಹೋಗಿದ್ದೇನ?"

"ನಾನು ಲೋಕಲ್‌ಗೆ ಹೋಗತೀನಿ, ರೋಜ್. ಅಲ್ಲಿ ಸಬ್ ಸೀಖ್ತದೆ."

"ಮಗಾ ಕಲ್ತಾನ," ಎಂದ ಶೆಟ್ಟೆಪ್ಪ ಮೂಲೆಯಿಂದ. ಧಾನ್ಯದ ಬಜಾರಿನಲ್ಲಿ ಮೂವತ್ತು ವರ್ಷ ಚೀಲ ಹೊತ್ತ ಬೆನ್ನು ಅವನದು. ಓದಿದವರು ಏನು ಹೇಳಿದರೂ ಅವನಿಗೆ ವೇದ. "ಅಂವಗ ತಿಳಿತೈತಿ. ನೀವು ಬಾಯಿ ಮುಚಗೊಂಡು ಉಣ್ಣರಿ."

"ನಾ ಭಂಡಾರ ಮುಟ್ಟೇನಿ," ಎಂದಳು ಮಲ್ಲವ್ವ.

ಮುಂದಿನ ಭಾನುವಾರ ವೈಶಾಲಿ ಬಟ್ಟೆ ನೆನೆಹಾಕಲು ಗಂಡನ ಪ್ಯಾಂಟಿನ ಕಿಸೆ ತಡಕಿದಾಗ ಒಂದು ರಸೀತಿ ಸಿಕ್ಕಿತು. ಅದೇ ಬದ್ಲಾಪುರದಲ್ಲಿ, ಇನ್ನೂ ಕಟ್ಟುತ್ತಿರುವ ಕಟ್ಟಡದಲ್ಲಿ ಇನ್ನೊಂದು ಫ್ಲ್ಯಾಟಿಗೆ ಎರಡು ಲಕ್ಷದ ಟೋಕನ್, ಅಂದರೆ ಕಾಯ್ದಿರಿಸುವ ಮುಂಗಡ. ಅವಳು ಒಳಗೆ ಹೋಗಿ ಕಪಾಟು ತೆಗೆದು ನೋಡಿದಳು. ಪಾಟಲಿ ಬಳೆಗಳ ಡಬ್ಬಿ ಹಗುರವಾಗಿತ್ತು. ಆಮೇಲೆ ಎದ್ದ ಕೂಗಾಟಕ್ಕೆ ಬಿಲ್ಡಿಂಗಿನವರೆಲ್ಲ ಬಾಲ್ಕನಿಗೆ ಬಂದರು.

"ಮಾಝ್ಯಾ ಆಯಿಚ್ಯಾ ಪಾಟಲ್ಯಾ! ನಮ್ಮವ್ವನ ಪಾಟಲಿ! ಕೇಳದೆ ಗಿರವಿ ಇಟ್ಟಿ?"

"ಗಿರವಿ ಇಟ್ಟೀನಿ, ಮಾರಿಲ್ಲ! ಎರಡು ತಿಂಗಳಿಗೆ ಬಿಡಿಸಿ ತರತೀನಿ. ಇನ್ವೆಸ್ಟ್‌ಮೆಂಟ್ ಅದು!"

"ನಿಂಗಣ್ಣನ ರೊಕ್ಕ ಕೊಡೂದ ಐತಿ," ಎಂದು ಮಲ್ಲವ್ವ ರೇಗಿದಳು, "ಇದ್ದ ಸಾಲ ತಲೀಮ್ಯಾಲ ಕುಂತೈತಿ, ನಿನಗ ಎರಡನೇ ಮನಿ ಬೇಕಾತೇನ? ಇರಾಕ ಒಂದು ಮನಿ ಸಾಲದೇನೋ ನಿನಗ, ಎಷ್ಟು ಮನ್ಯಾಗ ಮಲಗತೀ ಒಂದ ರಾತ್ರಿಗೆ?"

"ಅವ್ವಾ, ಹನ್ನೆರಡು ಲಕ್ಷದ ಪಾರ್ಟಿ ಸಿಕ್ಕಾನ. ಆಂಟಾಪ್ ಹಿಲ್ ರೂಮಿಗೆ ಹನ್ನೆರಡು ಕೊಡತಾನ. ನಿಂಗಣ್ಣ ಎಂಟು ಕೊಟ್ಟಿದ್ದ. ಲೆಕ್ಕಾ ಹಾಕು."

"ಹನ್ನೆರಡರಾಗ ಎಂಟು ಹ್ವಾದ್ರ ನಾಕು. ನಾಕರಾಗ ಎರಡನೇ ಫ್ಲ್ಯಾಟ ಬರತೈತೇನ?"

ಅನಿಕೇತ್ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಮಲ್ಲವ್ವ ಶಾಲೆಗೆ ಹೋದವಳಲ್ಲ. ಆದರೆ ರೊಟ್ಟಿ ಮಾರಿದವಳಿಗೆ ಕಳೆಯುವ ಲೆಕ್ಕ ಚೆನ್ನಾಗಿ ಬರುತ್ತದೆ. ಮಗನ ಲೆಕ್ಕದಲ್ಲಿ ನಿಂಗಣ್ಣನ ಎಂಟು ಎಲ್ಲಿಯೂ ಇರಲಿಲ್ಲ.

ಬುಧವಾರ ಅನಿಕೇತ್ ಪೇಢೆ ತಂದ. ಆ ಮನೆಯಲ್ಲಿ ಪೇಢೆ ಬಂದರೆ ಹಿಂದೆ ಏನೋ ಇದೆ ಎಂದೇ ಅರ್ಥ. ಆಂಟಾಪ್ ಹಿಲ್ ಬಿಲ್ಡಿಂಗಿಗೆ ಮುಂದಿನ ಗುರುವಾರ ಸರಕಾರದಿಂದ ತಪಾಸಣೆ ಬರುತ್ತದೆಂದು ನೋಟೀಸು ಹಚ್ಚಿದ್ದರು. ಯಾರ ಹೆಸರಿಗೆ ಮನೆಯಿದೆಯೋ ಅವರೇ ಅಲ್ಲಿ ಕಾಣಬೇಕು, ಬೆರಳಚ್ಚು ಕೊಡಬೇಕು.

"ಅವತ್ತ ಒಂದ ದಿನ ನೀ ಅಲ್ಲಿರು," ಎಂದ ಅನಿಕೇತ್. "ನಿಂಗಣ್ಣಗ ಹೇಳೀನಿ, ಮುಂಜಾನೆ ಸಾಮಾನೆಲ್ಲಾ ಟೆಂಪೋಕ ಹೇರಿಕೊಂಡು ಒಂದ ದಿನದ ಮಟ್ಟಿಗೆ ಹೊರಗ ಹೋಗು ಅಂತ. ತಪಾಸಣಿ ಮುಗದಮ್ಯಾಲ ಬರಲಿ. ಅವಗೂ ಚಲೋ, ನಮಗೂ ಚಲೋ."

"ಒಂದ ದಿನಕ್ಕ ಕಪಾಟು, ಹಾಸಗಿ, ಗ್ಯಾಸ್, ಎಲ್ಲಾ ಯಾಕ?"

"ಬಾಡಿಗೆಯವರ ಗುರ್ತ ಸಿಗಬಾರದಲ್ಲ?"

ಶೆಟ್ಟೆಪ್ಪ ಪೇಢೆ ಬಾಯಿಗೆ ಹಾಕಿಕೊಂಡು ತಲೆಯಾಡಿಸಿದ. ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದುದರಿಂದಲೇ ಮಲ್ಲವ್ವನಿಗೆ ನಂಬಿಕೆ ಬರಲಿಲ್ಲ.

ಮರುದಿನ ಸಂಜೆ ಒಣಗಿದ ಬಟ್ಟೆ ಮಡಚುತ್ತ ವೈಶಾಲಿ ಅತ್ತೆಯ ಪಕ್ಕ ಬಂದು ಕೂತಳು. ಗಂಡನ ಜೊತೆ ಅವಳು ಮಾತು ಬಿಟ್ಟು ನಾಲ್ಕು ದಿನವಾಗಿತ್ತು.

"ಅತ್ತೀ, ನನ್ನ ಕನ್ನಡ ಗಲತ್ ಇರಬಹುದು. ಕಿವಿ ಗಲತ್ ಇಲ್ಲ. ಅವನು ಎಜೆಂಟ್ ಕೂಡ ಫೋನ್‌ದಾಗ ಮಾತಾಡಿದ. ಗುರುವಾರ ಸಾಮಾನು ಹೊರಗ ಹೋದಮ್ಯಾಲೆ ಹೊಸಾ ಲಾಕ್ ಹಾಕತಾನ. ಶುಕ್ರವಾರ ಹನ್ನೆರಡು ಲಕ್ಷದವನು ಬರತಾನ. ನಿಂಗಣ್ಣ ವಾಪಸ್ ಬಂದ್ರ ಬಾಗಿಲು ತೆಗೀಬ್ಯಾಡ ಅಂದ."

"ರೊಕ್ಕ?"

"ನಿಂಗಣ್ಣನ ಹತ್ರ ಕಾಗದ ಎಲ್ಲದ ಅಂದ. ಪೊಲೀಸ್‌ಗೆ ಹೋದ್ರ ಅವನೇ ಸಿಕ್ಕಿಬೀಳತಾನ, ಬಾಡಿಗಿ ಇದ್ದದ್ದೇ ಕಾನೂನಿಗೆ ಖಿಲಾಫ್ ಅಂದ. ಹಳ್ಳಿ ಮಂದಿ, ನಾಕು ದಿನ ಕೂಗತಾರ, ಆಮೇಲೆ ಚುಪ್ ಅಂದ."

ಮಲ್ಲವ್ವ ಕೈಯಲ್ಲಿದ್ದ ಅಂಗಿಯನ್ನು ನೆಲಕ್ಕೆ ಅಪ್ಪಳಿಸಿದಳು. ಮಗನದೇ ಅಂಗಿ. ಹೆತ್ತ ಹೊಟ್ಟೆ ಎಂದೆಲ್ಲ ಹೇಳುತ್ತಾರೆ. ಆ ಗಳಿಗೆಯಲ್ಲಿ ಅವಳಿಗೆ ಹೆತ್ತದ್ದಕ್ಕೆ ಅಸಹ್ಯವಾಯಿತು. ಗಂಡನಿಗೆ ಹೇಳಿದಳು. ಶೆಟ್ಟೆಪ್ಪ ಬಹಳ ಹೊತ್ತು ಕೆಮ್ಮಿದ.

"ಖರೆ ಹೇಳಾಕ ಹ್ವಾದ್ರ ಮನೀ ಹೋಗತೈತಿ," ಎಂದ. "ಸುಮ್ಮನಿರು. ನಿಂಗಣ್ಣ ದುಡಕೊಂಡು ತಿನ್ನಾವ, ಮತ್ತ ಗಳಸತಾನ."

"ನಿಮ್ಮ ಬೆನ್ನ ಮ್ಯಾಲಿನ ಚೀಲಾ ಯಾರರೆ ಕಸಗೊಂಡು ಹೋಗಿ, ಮತ್ತ ಹೊರು ಅಂದಿದ್ರ ಏನ ಅಂತಿದ್ರಿ?"

ಶೆಟ್ಟೆಪ್ಪ ಗೋಡೆಯ ಕಡೆ ತಿರುಗಿ ಕೂತ.

ತಪಾಸಣೆಯ ಗುರುವಾರ ಅನಿಕೇತ್ ಏಳುವ ಮೊದಲೇ ಮಲ್ಲವ್ವ ಹೊರಟಳು. ಸೆರಗಿನಲ್ಲಿ ಭಂಡಾರದ ಚೀಲ, ಕೈಚೀಲದಲ್ಲಿ ಮನೆಯ ಕಾಗದ, ಒಂದು ಸೀರೆ. ಮೊದಲ ಲೋಕಲ್ ಹಿಡಿದು, ಕುರ್ಲಾದಲ್ಲಿ ಗಾಡಿ ಬದಲಿಸಿ, ಆಂಟಾಪ್ ಹಿಲ್ ತಲುಪುವಷ್ಟರಲ್ಲಿ ಬಿಸಿಲು ಬಿದ್ದಿತ್ತು. ಕೆಳಗೆ ಟೆಂಪೋ ನಿಂತಿತ್ತು. ನಿಂಗಣ್ಣ ಕಪಾಟಿನ ಒಂದು ಬದಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದ.

"ಮ್ಯಾಲ ಒಯ್ಯಿ," ಎಂದಳು ಮಲ್ಲವ್ವ.

"ಅಕ್ಕಾರ, ಅನಿಕೇತ ಅಂದಿದ್ರಲ್ಲ..."

"ಮ್ಯಾಲ ಒಯ್ಯಿ ಅಂದೆ! ಒಂದ ಚಮಚೆ ಸುದ್ದಾ ಈ ಮನಿ ದಾಟಬಾರದು. ಟೆಂಪೋದವಗ ಹೋಗ ಅನ್ನು."

ಮೇಲೆ ರುಕ್ಮಿಣಿಬಾಯಿ ಗಂಟು ಕಟ್ಟಿಟ್ಟು ಕೂತಿದ್ದಳು. ಮಲ್ಲವ್ವ ಬಾಗಿಲು ಹಾಕಿ ಇಬ್ಬರಿಗೂ ಎಲ್ಲವನ್ನೂ ಹೇಳಿದಳು, ಮಗನ ಹೆಸರು ಹಿಡಿದೇ ಹೇಳಿದಳು. ರುಕ್ಮಿಣಿಬಾಯಿಯ ಬಾಯಿಂದ ಬೈಗುಳ ಹೊರಬಿತ್ತು. ಅನಿಕೇತನಿಗೆ, ಅವನ ಹೆತ್ತವರಿಗೆ, ಭಂಡಾರ ಮುಟ್ಟಿದ ಕೈಗೆ. ಮಲ್ಲವ್ವ ಎಲ್ಲವನ್ನೂ ನಿಂತು ಕೇಳಿದಳು. ನಿಂಗಣ್ಣ ಮಾತ್ರ ಕಪಾಟಿಗೆ ಒರಗಿ, "ಎಂಟು ಲಕ್ಷ ಅಕ್ಕಾರ," ಎಂದು ಎರಡು ಸಲ ಹೇಳಿದ.

"ಬೈಯೂದು ಆಮ್ಯಾಲ ಬೈಯುವಂತಿ, ನಾ ಎಲ್ಲಿಗೂ ಹೋಗೂದಿಲ್ಲ," ಎಂದಳು ಮಲ್ಲವ್ವ ರುಕ್ಮಿಣಿಬಾಯಿಗೆ. "ಈಗ ಹಿಟ್ಟು ತಗೀ. ಹಂಚು ಇಡು."

ಹನ್ನೊಂದು ಗಂಟೆಗೆ ತಪಾಸಣೆಯ ಸಾಹೇಬರು ಬಂದಾಗ ಮಲ್ಲವ್ವ ಮೊಳಕೈವರೆಗೆ ಹಿಟ್ಟು ಮಾಡಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಹಿಂದೆಯೇ ಅನಿಕೇತ್ ಏರಿ ಬಂದ. ಒಳಗೆ ನಿಂಗಣ್ಣನ ಕಪಾಟು, ನಿಂಗಣ್ಣನ ಹಾಸಿಗೆ, ಖುದ್ದು ನಿಂಗಣ್ಣನೂ ಇರುವುದನ್ನು ಕಂಡು ಹೊಸ್ತಿಲಲ್ಲೇ ನಿಂತ. ಸಾಹೇಬರು ಮರಾಠಿಯಲ್ಲಿ ಕೇಳಿದರು, ಮಲ್ಲವ್ವ ಬಜಾರಿನಲ್ಲಿ ಕಲಿತ ಮರಾಠಿಯಲ್ಲಿ ಉತ್ತರ ಕೊಟ್ಟಳು.

"ಇವರು ಯಾರು?"

"ನನ್ನ ತಮ್ಮ, ಅವನ ಹೆಂಡತಿ. ನನ್ನ ಹತ್ತಿರ ಇದ್ದಾರೆ."

ಸಾಹೇಬರು ನಿಂಗಣ್ಣನ ಪೂರ್ತಿ ಹೆಸರು ಕೇಳಿ ಬರೆದುಕೊಂಡರು. "ಅಡ್ಡಹೆಸರು ಬೇರೆ ಇದೆಯಲ್ಲ?"

"ಮದುವೆಯಾದ ಮೇಲೆ ನಿಮ್ಮ ಅಕ್ಕನ ಅಡ್ಡಹೆಸರೂ ಬೇರೆಯೇ ಇರಬೇಕಲ್ಲ ಸಾಹೇಬ್ರೆ?"

ಸಾಹೇಬರು ನಕ್ಕು ಬೆರಳಚ್ಚಿನ ಯಂತ್ರ ಮುಂದಿಟ್ಟರು. ಮಲ್ಲವ್ವ ಕೈ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು. ಯಂತ್ರ ಒಪ್ಪಲಿಲ್ಲ. ಬಲಗೈಯ ಐದೂ ಬೆರಳು ಒತ್ತಿದರೂ ಒಪ್ಪಲಿಲ್ಲ. ಬಿಸಿ ರೊಟ್ಟಿ ತಿರುವಿ ತಿರುವಿ ಗೆರೆಗಳೆಲ್ಲ ಸವೆದುಹೋಗಿದ್ದವು. ಮನೆ ಹೋಗುವುದಾದರೆ ರೊಟ್ಟಿಯಿಂದಲೇ ಹೋಗಬೇಕೇ? ಕೊನೆಗೆ ಎಡಗೈಯ ಕಿರುಬೆರಳಿಗೆ ಯಂತ್ರದ ಹಸಿರು ದೀಪ ಹತ್ತಿತು. ಸಾಹೇಬರು ಸಹಿ ಮಾಡಿ, ಬಿಸಿ ರೊಟ್ಟಿಯೊಂದನ್ನು ಕಾಗದದಲ್ಲಿ ಸುತ್ತಿಸಿಕೊಂಡು ಪಕ್ಕದ ಮನೆಗೆ ಹೋದರು. ಸರಕಾರಕ್ಕೆ ಒಂದು ಸುಳ್ಳು ಹೇಳಿದ್ದಾಯಿತು. ಅದರ ಪಾಪ ತನಗಿರಲಿ ಎಂದು ಮಲ್ಲವ್ವ ಅಂದೇ ತೀರ್ಮಾನಿಸಿಬಿಟ್ಟಳು.

ಬಾಗಿಲು ಮುಚ್ಚಿದ ಮೇಲೆ ಅನಿಕೇತ್ ಬಾಯಿಬಿಟ್ಟ. "ತಲಿ ಕೆಟ್ಟೈತೇನ ನಿನಗ? ಇನ್ನೊಂದು ಚೂರಿನಾಗ ಮನೀ ಹೋಗತಿತ್ತು!"

"ಆ ಚೀಲದಾಗ ಏನೈತಿ?"

ಅವನು ಪ್ಲಾಸ್ಟಿಕ್ ಚೀಲವನ್ನು ಬೆನ್ನ ಹಿಂದೆ ಸರಿಸಿದ. ಮಲ್ಲವ್ವ ಎದ್ದು ಕಿತ್ತುಕೊಂಡಳು. ಹೊಚ್ಚ ಹೊಸ ಬೀಗ, ಮೂರು ಕೀಲಿಕೈ.

"ಯಾರ ಮನಿಗೆ ಯಾರ ಕೀಲಿ ಹಾಕಾವಿದ್ದಿ? ಗುಡಸಲ ಇದ್ದಾಗ ನಿನ್ನ ಹೊಟ್ಟಿ ಕೆಟ್ಟರ ಇದ ನಿಂಗಣ್ಣನ ಅವ್ವ ಊರಿಂದ ಔಷಧಿ ಕಳಸತಿದ್ಲು. ಅವನ ಹಾಸಗಿ ಬೀದ್ಯಾಗ ಇಡಾವಿದ್ದಿ?"

"ಇಡತಿದ್ದಿಲ್ಲ ಅವ್ವಾ, ತಡಾ ಮಾಡಿ ಕೊಡತಿದ್ದೆ. ಬಿಜಿನೆಸ್‌ದಾಗ..."

"ಹಂಗಾರ ಇದನ್ನ ಮುಟ್ಟು." ಅವಳು ಭಂಡಾರದ ಚೀಲ ಬಿಚ್ಚಿ ಅವನ ಮುಂದೆ ಹಿಡಿದಳು. "ಕೊಡತಿದ್ದೆ ಅಂತ ಮುಟ್ಟಿ ಹೇಳು."

ಅನಿಕೇತ್ ಇದೆಲ್ಲ ಮೂಢನಂಬಿಕೆ ಎಂದ. ಎಂದನೇ ಹೊರತು ಕೈ ಮುಂದೆ ಬರಲಿಲ್ಲ. ರುಕ್ಮಿಣಿಬಾಯಿ ಅವನ ಕೈಯನ್ನೇ ನೋಡುತ್ತ ನಿಂತಿದ್ದಳು.

ಅಷ್ಟರಲ್ಲಿ ಎಜೆಂಟ್ ಬಾಗಿಲು ತಟ್ಟಿದ, ಮನೆ ಖಾಲಿಯಾಯಿತೇ ನೋಡಲು. ಮಲ್ಲವ್ವ ಬಾಗಿಲು ಪೂರ್ತಿ ತೆರೆದಳು. "ಈ ಮನೀ ಮಾಲಕೀಣ ನಾನು. ನಾ ಇಲ್ಲೇ ಇರತೀನಿ. ಹನ್ನೆರಡು ಲಕ್ಷದವಗ ಹೇಳು, ಈ ಹುಡುಗನ ಕೈಯಾಗ ರೊಕ್ಕ ಕೊಟ್ಟರ ಮುಳಗತಾನ ಅಂತ." ಎಜೆಂಟನಿಗೆ ಕನ್ನಡ ಬರುತ್ತಿರಲಿಲ್ಲ. ನಿಂಗಣ್ಣ ಅದನ್ನು ಹಿಂದಿಯಲ್ಲಿ, ಒಂದಕ್ಷರ ಬಿಡದೆ, ಇನ್ನೆರಡು ಮಾತು ಸೇರಿಸಿ ಹೇಳಿದ.

ಅವತ್ತಿನಿಂದ ಮಲ್ಲವ್ವ ಬದ್ಲಾಪುರಕ್ಕೆ ಹೋಗಲಿಲ್ಲ. ತನ್ನ ಮನೆಯ ಬಾಗಿಲ ಬಳಿ ಚಾಪೆ ಹಾಸಿ ಮಲಗಿದಳು. ಒಳಗಿನ ಜಾಗ ನಿಂಗಣ್ಣ ಎಂಟು ಲಕ್ಷ ಕೊಟ್ಟು ಪಡೆದದ್ದು, ತಾನು ಕಾಲಿಡುವುದೇ ಹೆಚ್ಚು ಎಂದಳು. ಮೊದಲ ವಾರ ರುಕ್ಮಿಣಿಬಾಯಿ ಮಾತಾಡಲಿಲ್ಲ. ಎರಡನೆಯ ವಾರ ಜೋಳ ಬೀಸಿಸಿಕೊಂಡು ಬಂದು ಮಲ್ಲವ್ವನ ಮುಂದಿಟ್ಟಳು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬರತೊಡಗಿದರು. ಆಂಟಾಪ್ ಹಿಲ್‌ನ ನೀರಿಗೆ ಹಿಟ್ಟು ಚೆನ್ನಾಗಿ ಹದಕ್ಕೆ ಬರುತ್ತಿತ್ತು.

ಅನಿಕೇತ್ ದಿನಕ್ಕೆರಡು ಸಲ ಫೋನು ಮಾಡಿದ. ಮೊದಲು ಸಿಟ್ಟಿನಲ್ಲಿ, ಆಮೇಲೆ ಅಪ್ಪನ ಕೆಮ್ಮಿನ ನೆಪದಲ್ಲಿ. ಮಲ್ಲವ್ವನ ಉತ್ತರ ಒಂದೇ: "ಎಂಟು ಮುಟ್ಟಿದ ದಿನಾ ಮಾತಾಡೂಣು." ಬದ್ಲಾಪುರದಲ್ಲಿ ವೈಶಾಲಿ ಅಡುಗೆ ಮಾಡಿದಳು, ಶೆಟ್ಟೆಪ್ಪನಿಗೆ ಔಷಧಿ ಕೊಟ್ಟಳು, ಗಂಡನಿಗೆ ಮಾತ್ರ ಬಡಿಸಲಿಲ್ಲ. ಟೋಕನ್ ವಾಪಸು ತರುವವರೆಗೂ ಪಗಾರ ಮನೆಗೆ ತರುವುದಿಲ್ಲ ಎಂದಳು. ಹಾಗೆಯೇ ಮಾಡಿದಳು. ಆ ತಿಂಗಳ ಕಂತು ತಪ್ಪಿತು. ಬ್ಯಾಂಕಿನಿಂದ ಫೋನು ಬಂದಾಗ ಅನಿಕೇತ್ ಆ ಕ್ಲಾಸಿನ ಗುರುವಿಗೆ ಫೋನು ಹಚ್ಚಿದನಂತೆ. ಸಲಹೆಗೆ ಬೇರೆ ಫೀಸು ಎಂದರಂತೆ.

ನಾಲ್ಕನೆಯ ಭಾನುವಾರ ಮಧ್ಯಾಹ್ನ ಅವನು ಆಂಟಾಪ್ ಹಿಲ್‌ಗೆ ಬಂದ. ಗಡ್ಡ ಬೆಳೆದಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂಗಣ್ಣನ ಮುಂದೆ ಒಂದು ಲಕೋಟೆ ಇಟ್ಟ.

"ದೀಡ ಲಕ್ಷ ಅದಾವ. ಟೋಕನ್‌ದಾಗ ಅರ್ಧ ಲಕ್ಷ ಕಟ್ ಮಾಡಿದ್ರು. ಬದ್ಲಾಪುರದ ಫ್ಲ್ಯಾಟ್ ಮಾರಾಕ ಹಚ್ಚೀನಿ. ಗಿರಾಕಿ ಬರತಾರ. ಲಾಸ್ ಆಗತೈತಿ, ಆದ್ರ ನಿಂದ ಪೂರಾ ಬರತೈತಿ ಅಣ್ಣಾ."

ನಿಂಗಣ್ಣ ಲಕೋಟೆ ಮುಟ್ಟಲಿಲ್ಲ. ಮಲ್ಲವ್ವನ ಕಡೆ ನೋಡಿದ. ಅವಳು ಹಂಚಿನ ಮುಂದಿಂದ ಏಳದೆಯೇ, "ಕಾಗದದ ಮ್ಯಾಲ ಬರದು ಸಹಿ ಹಾಕು. ಇನ್ನ ಆರೂವರಿ ಕೊಡೂದೈತಿ ಅಂತ ಬರಿ," ಎಂದಳು.

"ಭಂಡಾರ ಐತಲ್ಲ ಅವ್ವಾ, ಮುಟ್ಟತೀನಿ."

"ಭಂಡಾರಕ್ಕ ನಿನ್ನ ಕೈ ತಾಕಬಾರದು. ಬರಿ."

ಅವನು ಬರೆದ. ಕನ್ನಡದಲ್ಲಿ ಬರೆಯಲು ಬಾರದೆ ಹಿಂದಿಯಲ್ಲಿ ಬರೆದ. ನಿಂಗಣ್ಣ ಅದನ್ನು ಗಟ್ಟಿಯಾಗಿ ಓದಿಸಿ ಕೇಳಿ, ಮಡಚಿ ಕಿಸೆಗೆ ಇಟ್ಟುಕೊಂಡ. ಆಮೇಲೆ ಲಕೋಟೆ ತೆಗೆದುಕೊಂಡ.

"ಇನ್ನ ನಡಿಯವ್ವ ಮನಿಗೆ," ಎಂದ ಅನಿಕೇತ್.

"ಆರೂವರಿ ಬರಲಿ."

ರುಕ್ಮಿಣಿಬಾಯಿ ಒಂದು ತಾಟು ತಂದು ಅವನ ಮುಂದಿಟ್ಟಳು. ಮನೆಗೆ ಬಂದವರನ್ನು ಉಣಿಸದೆ ಕಳಿಸುವ ಪದ್ಧತಿ ಅವಳಿಗೂ ಇರಲಿಲ್ಲ. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಅನಿಕೇತ್ ತಾಟು ನೋಡಿದ, ನಿಂಗಣ್ಣನನ್ನು ನೋಡಿದ, ಕೈ ಹಾಕಲಿಲ್ಲ.

"ಹಸಿವಿಲ್ಲ," ಎಂದ.

ಮಲ್ಲವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಅವನ ಎಂಟು ಲಕ್ಷ ನುಂಗುವಾಗ ನಾಚಿಕಿ ಬರಲಿಲ್ಲ, ಎರಡು ರೊಟ್ಟಿಗೆ ಬಂತೇನ? ಉಣ್ಣು. ಉಂಡು, ತಾಟು ತೊಳದಿಟ್ಟು ಹೋಗು."